ಈರುಳ್ಳಿ ಬುಟ್ಟಿಯ ಪಕ್ಕ ಇಟ್ಟ ಚೀಲ

ಆ ವರ್ಷ ಅಕ್ಟೋಬರ್‌ನಲ್ಲಿ ನಾನು ನಲವತ್ತು ಹೂವಿನ ಗಡ್ಡೆ ತಂದಿದ್ದೆ. ಅರ್ಧ ಟ್ಯೂಲಿಪ್, ಅರ್ಧ ಡ್ಯಾಫೊಡಿಲ್. ಅಮೇರಿಕಾದ ಡೌನರ್ಸ್ ಗ್ರೋವ್‌ನ ನಮ್ಮ ಟೌನ್‌ಹೌಸ್‌ನಲ್ಲಿ ನೆಲ ಅಗೆಯಲು ಮನೆಗಳ ಅಸೋಸಿಯೇಷನ್‌ನವರು ಬಿಡುವುದಿಲ್ಲ. ಹಿಂಬಾಗಿಲ ಆಚೆಯ ಪ್ಯಾಟಿಯೊ ಕಲ್ಲುಹಾಸಿನ ಮೇಲೆ ಕುಂಡ ಇಟ್ಟುಕೊಳ್ಳಬಹುದು, ಅಷ್ಟೆ. ಚಳಿ ಬಲಿಯುವ ಮುಂಚೆ ನೆಟ್ಟರೆ ಈ ಗಡ್ಡೆಗಳು ಚಳಿಗಾಲವಿಡೀ ಮಣ್ಣಿನೊಳಗೆ ಮಲಗಿದ್ದು ಏಪ್ರಿಲ್‌ನಲ್ಲಿ ಹೂ ಬಿಡುತ್ತವೆ. ಐದು ಕುಂಡಗಳೂ ಮಣ್ಣೂ ಬಂದಿದ್ದವು. ಶನಿವಾರ ನೆಡೋಣವೆಂದು ಗಡ್ಡೆಗಳನ್ನೆಲ್ಲ ಒಂದೇ ಕಾಗದದ ಚೀಲಕ್ಕೆ ಸುರಿದು, ತಂಪಾಗಿರಲಿ ಅಂತ ಅಡುಗೆಮನೆ ಪಕ್ಕದ ಪ್ಯಾಂಟ್ರಿಯ ನೆಲದ ಮೇಲೆ ಈರುಳ್ಳಿ ಬುಟ್ಟಿಯ ಪಕ್ಕ ಇಟ್ಟೆ. ಹೆಸರಿನ ಚೀಟಿಗಳನ್ನು ಕಸಕ್ಕೆ ಹಾಕಿದೆ.

ಅತ್ತೆ ಹುಬ್ಬಳ್ಳಿಯಿಂದ ಬಂದು ಹತ್ತು ದಿನವಾಗಿತ್ತಷ್ಟೆ. ನಾನು ಮೈಸೂರಿನವಳು. ಮದುವೆಯಾಗಿ ಒಂಬತ್ತು ವರ್ಷವಾದರೂ ನಾವಿಬ್ಬರೂ ಒಂದೇ ಮನೆಯಲ್ಲಿ ಒಂದು ತಿಂಗಳು ಕೂಡಿ ಇದ್ದದ್ದಿಲ್ಲ. ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಆ ವಾರ ಗಂಡ ಕೆಲಸದ ಮೇಲೆ ಡೆಟ್ರಾಯ್ಟ್‌ಗೆ ಹೋಗಿದ್ದ.

ಗುರುವಾರ ಸಂಜೆ ಆರು ಗಂಟೆಗೆ ನಾನು ಟ್ರೈನ್ ಇಳಿದು ಮನೆಗೆ ಬಂದಾಗ ಅತ್ತೆಯೂ ಆರು ವರ್ಷದ ನನ್ನ ಮಗಳೂ ಊಟಕ್ಕೆ ಕೂತಿದ್ದರು. ರೊಟ್ಟಿ, ಕಡಲೆಹಿಟ್ಟು ಈರುಳ್ಳಿಯ ಝುಣಕ.

"ನಿಮ್ಮ ಅಮೇರಿಕಾದ ಉಳ್ಳಾಗಡ್ಡಿ ಎಂಥಾವು ಅದಾವವಾ," ಅಂದರು ಅತ್ತೆ. "ಹೆಚ್ಚಿದ್ರ ಕಣ್ಣಾಗ ಒಂದು ಹನಿ ನೀರ ಬರಲಿಲ್ಲ. ಕೈಯೆಲ್ಲ ಲೋಳಿ ಲೋಳಿ."

ಮಗಳು ಗಂಟಲು ಕೆರೆದುಕೊಳ್ಳುತ್ತ, "ಇಟ್ಸ್ ಇಚಿ, ಅಮ್ಮ," ಅಂದಳು.

ಅಡುಗೆ ಕಟ್ಟೆಯ ಮೇಲೆ ಆ ಕಾಗದದ ಚೀಲ ಬಾಯಿ ತೆರೆದು ಬಿದ್ದಿತ್ತು. ನಾನು ಬ್ಯಾಗನ್ನು ಹೆಗಲಿಂದ ಇಳಿಸಲೂ ಇಲ್ಲ, ಮಗಳ ತಟ್ಟೆ ಕಿತ್ತುಕೊಂಡೆ.

"ನೋಡದೇ ಹೇಗೆ ಹಾಕಿದ್ರಿ? ಅದು ತಿನ್ನೋದಲ್ಲ, ವಿಷ ಅದು."

ಅತ್ತೆಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ವಿಷ ಸೇವನೆಯ ಸಹಾಯವಾಣಿಗೆ ಫೋನ್ ಮಾಡಿದೆ. ಅತ್ತ ಕಡೆಯ ಹೆಂಗಸು ಸಮಾಧಾನವಾಗಿ ಕೇಳಿದಳು: ಯಾವ ಗಡ್ಡೆ? ಗೊತ್ತಿಲ್ಲ ಅಂದೆ. ಸಿಪ್ಪೆ ಇದೆಯಾ ನೋಡಿ, ಅಂದಳು. ಟ್ಯೂಲಿಪ್ಪಿನ ಸಿಪ್ಪೆ ಕೆಂಪು ಕಂದು, ಡ್ಯಾಫೊಡಿಲ್‌ದು ಮಸುಕು, ಕಾಗದದ ಹಾಗೆ. ಡ್ಯಾಫೊಡಿಲ್ ಆದರೆ ಹೊಟ್ಟೆಗೆ ಹೆಚ್ಚು ತೊಂದರೆ. ನಾನು ನೆಲದ ಮೇಲೆ ಕಸದ ಡಬ್ಬಿ ಮಗುಚಿ, ಚಹಾದ ಚರಟ, ಕೊತ್ತಂಬರಿ ದಂಟುಗಳ ನಡುವೆ ಸಿಪ್ಪೆ ಆರಿಸತೊಡಗಿದೆ. ಎಲ್ಲವೂ ಮಸುಕಾಗಿದ್ದವು.

ಅಷ್ಟರಲ್ಲಿ ಮಗಳು ವಾಂತಿ ಮಾಡಿಕೊಂಡಳು. ಅವಳು ತಿಂದಿದ್ದು ಎರಡು ತುತ್ತು. ಅತ್ತೆ ಒಂದು ರೊಟ್ಟಿ ಪೂರ್ತಿ ಮುಗಿಸಿದ್ದರು. ಅವರ ವಯಸ್ಸು, ಅವರ ಬಿ.ಪಿ. ಮಾತ್ರೆಗಳ ವಿಷಯ ಕೇಳಿದ ಮೇಲೆ ಆ ಹೆಂಗಸಿನ ದನಿ ಬದಲಾಯಿತು. ಇಬ್ಬರನ್ನೂ ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಅಂದಳು.

ನಾಲ್ಕು ಮೈಲಿ ಡ್ರೈವ್. ಹಿಂದಿನ ಸೀಟಿನಲ್ಲಿ ಅತ್ತೆ ಪ್ಲಾಸ್ಟಿಕ್ ಬಕೆಟ್ ತೊಡೆಯ ಮೇಲಿಟ್ಟುಕೊಂಡು, ವಾಂತಿಯ ನಡುವೆ ಒಂದೇ ಮಾತು ಹೇಳುತ್ತಿದ್ದರು: "ಕೂಸು ಹೆಂಗೈತಿ ನೋಡು. ಕೂಸಿನ ನೋಡು." ಪ್ರತಿ ಸಿಗ್ನಲ್ಲಿನಲ್ಲೂ ನಾನು ಕನ್ನಡಿಯಲ್ಲಿ ಮಗಳ ಕಣ್ಣು ತೆರೆದಿವೆಯೇ ಎಂದು ನೋಡಿದೆ. ಒಮ್ಮೆ ಅವಳು ಕಣ್ಣು ಮುಚ್ಚಿದ್ದಳು. ಹೆಸರು ಹಿಡಿದು ಕೂಗಿದೆ. "ವಾಟ್?" ಅಂದಳು, ಸಿಟ್ಟಿನಿಂದ. ಆ ಸಿಟ್ಟು ಕೇಳಿ ನನಗೆ ಉಸಿರು ಬಂತು.

ಮಗಳು ಒಂದು ಗಂಟೆಯಲ್ಲಿ ಚೇತರಿಸಿಕೊಂಡಳು. ಅತ್ತೆಗೆ ಡ್ರಿಪ್ ಹಾಕಿದರು, ಎದೆಗೆ ವೈರು ಅಂಟಿಸಿದರು. ನಾನು ಅವರ ಹಾಸಿಗೆಯ ಪಕ್ಕ ನಿಂತಿದ್ದಾಗ ಡೆಟ್ರಾಯ್ಟ್‌ನಿಂದ ಗಂಡನ ಫೋನ್ ಬಂತು.

"ಚೀಲ ಎಲ್ಲಿತ್ತು? ಅವ್ವಗ ಹೆಂಗ ಸಿಕ್ತದು?"

"ಕಾರಿನ ಗರಾಜಲ್ಲಿತ್ತು. ಅಲ್ಲಿಂದ ತಂದಿರಬೇಕು," ಅಂದೆ.

ಯಾಕೆ ಹಾಗೆ ಹೇಳಿದೆನೋ, ಬಾಯಿಗೆ ಅದೇ ಬಂತು. ಫೋನ್ ಇಟ್ಟು ತಿರುಗಿದರೆ ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಗೋಡೆಯ ಕಡೆ ಹೊರಳಿದರು.

ಮರುದಿನ ಅವರು ಮನೆಗೆ ಬಂದರು. ಆಮೇಲೆ ಅಡುಗೆಮನೆಯಲ್ಲಿ ಏನು ಮುಟ್ಟಬೇಕಾದರೂ ಕೇಳತೊಡಗಿದರು. ಉಪ್ಪಿನ ಡಬ್ಬಿ ಎತ್ತಿ ಹಿಡಿದು, "ಇದನ್ನ ಹಾಕಲೇನು?" ಹಾಲಿನ ಕ್ಯಾನ್ ತೋರಿಸಿ, "ಇದು ಕುಡಿಯೋದ ಹೌದಲ್ಲ?" ಅವರು ಚುಚ್ಚಿ ಕೇಳುತ್ತಿರಲಿಲ್ಲ. ನಿಜವಾಗಿಯೂ ಹೆದರಿದ್ದರು. ತುಂಬಿದ ಮನೆಗೆ ಮೂವತ್ತೈದು ವರ್ಷ ಬೇಯಿಸಿ ಹಾಕಿದ ಹೆಂಗಸು.

ದೀಪಾವಳಿಗೆ ಹತ್ತಿರದ ಲೆಮಾಂಟ್‌ನ ದೇವಸ್ಥಾನಕ್ಕೆ ಹೋದಾಗ, ಗಂಡ ಗೆಳೆಯರಿಗೆ ಹೇಳಿದ್ದ ಕತೆ ನಮಗಿಂತ ಮುಂಚೆ ಅಲ್ಲಿ ತಲುಪಿತ್ತು. ಊಟದ ಸಾಲಿನಲ್ಲಿ ಪರಿಚಯದ ಆಂಟಿಯೊಬ್ಬರು ನಗುತ್ತ, "ಗರಾಜಿಗೆ ಬೀಗ ಹಾಕೊಂಡಿದೀರಾ ಈಗ?" ಅಂದರು. ಅತ್ತೆಯೂ ನಕ್ಕರು. ನಾನು ತಟ್ಟೆ ಹಿಡಿದು ಸಾಲಿನಿಂದ ಆಚೆ ಸರಿದೆ.

ಉಳಿದ ಗಡ್ಡೆಗಳನ್ನು ಎಸೆದುಬಿಡುವುದೆಂದು ಚೀಲ ಎತ್ತಿಕೊಂಡಾಗ ತಡೆದವರು ಅತ್ತೆಯೇ.

"ಹೂವಿನ ಗಡ್ಡಿ ಅಂದಿಯಲ್ಲ. ಹೂವು ಹೆಂಗಿರತಾವ ನೋಡೂಣು."

ನವೆಂಬರ್‌ನ ಒಂದು ಶನಿವಾರ ಇಬ್ಬರೂ ಕೈಗವಸು ಹಾಕಿಕೊಂಡು ನೆಟ್ಟೆವು, ಆರು ಇಂಚು ಆಳಕ್ಕೆ, ಮೂತಿ ಮೇಲಾಗಿ. ಅಳಿಲು ಕೆದಕದಿರಲೆಂದು ಮೇಲೆ ತಂತಿಯ ಬಲೆ ಬಿಗಿದೆವು. ಇಡೀ ಮುಂಜಾನೆ ನಾಲಿಗೆಯ ತುದಿಗೆ ಆ ಸುಳ್ಳಿನ ಮಾತು ಬಂದು ಬಂದು ಹೋಯಿತು.

ಜನವರಿಯಲ್ಲಿ ಸೊನ್ನೆಗಿಂತ ಹದಿನೈದು ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿಯುತ್ತದೆಂದು ಸುದ್ದಿ ಬಂತು. ನೆಲದಲ್ಲಿರುವ ಗಡ್ಡೆಗೆ ನೆಲದ ರಕ್ಷಣೆ ಇರುತ್ತದೆ. ಕುಂಡದ ಮಣ್ಣಿಗೆ ನಾಲ್ಕೂ ಕಡೆಯಿಂದ ಹಿಮ ಕಟ್ಟುತ್ತದೆ. ಗಡ್ಡೆ ಹೆಪ್ಪುಗಟ್ಟಿದರೆ ಮತ್ತೆ ಏಳುವುದಿಲ್ಲ. ನಾನೂ ಗಂಡನೂ ಕುಂಡಗಳನ್ನು ಗರಾಜಿಗೆ ಹೊತ್ತೆವು. ಅತ್ತೆ ಶಾಲು ಹೊದ್ದು ಬಾಗಿಲು ಹಿಡಿದು ನಿಂತಿದ್ದರು. ಮೂರನೆಯ ಕುಂಡ ಇಳಿಸುತ್ತ ಗಂಡ ನಗೆಯಾಡಿದ: "ಅವ್ವ, ಇಲ್ಲಿಂದ ಏನೂ ಅಡಿಗಿಮನಿಗೆ ಒಯ್ಯಬ್ಯಾಡ ಮತ್ತ."

ಅತ್ತೆ ಈ ಸಲ ನಗಲಿಲ್ಲ. ತಲೆ ತಗ್ಗಿಸಿದರು.

"ಚೀಲ ಗರಾಜಲ್ಲಿರಲಿಲ್ಲ," ಅಂದೆ. ದನಿ ನನಗೇ ಪರಕೀಯವಾಗಿ ಕೇಳಿತು. "ಪ್ಯಾಂಟ್ರಿಯಲ್ಲಿ, ಈರುಳ್ಳಿ ಪಕ್ಕ ನಾನೇ ಇಟ್ಟಿದ್ದೆ. ಆವತ್ತು ನಿಂಗೆ ಸುಳ್ಳು ಹೇಳಿದೆ."

ಅವನು ನನ್ನ ಮುಖ ನೋಡಿದ, ತಾಯಿಯ ಮುಖ ನೋಡಿದ. "ಅವ್ವ, ನೀನರ ಯಾಕ ಹೇಳಲಿಲ್ಲ?"

"ಮೊದಲ ಆ ಕುಂಡ ಇಡ್ರಿ. ಬಾಗಲಾ ತೆರೆದೈತಿ, ಥಂಡಿ ಬರಾಕತ್ತೈತಿ," ಅಂದು ಅವರು ಒಳಗೆ ಹೋದರು.

ಗಂಡ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅತ್ತೆಯ ಹತ್ತಿರ ನಾನೇ ಹೋಗಿ ಕೂತೆ. ಕ್ಷಮಿಸಿ ಅಂದೆ. ಅವರು ಬೆರಳಿನ ಉಂಗುರ ತಿರುಗಿಸಿದರು.

"ಸಿಟ್ಟು ಬಂದಿತ್ತು," ಅಂದರು. "ಅವನಿಗೆ ಹೇಳಬೇಕಂತ ಎಷ್ಟೋ ಸಲ ಫೋನ್ ಹಿಡದೇನಿ. ಆದ್ರ ಆವತ್ತು ನೀ ಕಸದಾಗ ಕೈ ಹಾಕಿ ಸಿಪ್ಪಿ ಹುಡುಕಿದಿಯಲ್ಲ. ಅದು ಕಣ್ಣ ಮುಂದ ಬರತಿತ್ತು."

ಮಾರನೆಯ ಬೆಳಿಗ್ಗೆ ಉಪ್ಪಿಟ್ಟು ಮಾಡಿದರು, ನನ್ನನ್ನು ಏನೂ ಕೇಳದೆ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಎಲ್ಲರೂ ತಿಂದೆವು.

ಮಾರ್ಚ್‌ನಲ್ಲಿ ಕುಂಡಗಳು ಮತ್ತೆ ಹೊರಗೆ ಬಂದವು. ಎರಡರಲ್ಲಿ ಹಸಿರು ಮೊಳಕೆ ಕಾಣಿಸಿತು. ಮೂರರಲ್ಲಿ ಬರೀ ಮಣ್ಣು. ಏಪ್ರಿಲ್ ಎರಡನೇ ವಾರ ಅತ್ತೆಯ ಫ್ಲೈಟ್. ನಾಲ್ಕು ದಿನ ಮುಂಚೆ ಮೊಗ್ಗು ಅರಳಲು ಬಾಗಿದವು, ಅದೇ ದಿನ ಇಪ್ಪತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್‌ನ ಹಿಮದ ಎಚ್ಚರಿಕೆ ಬಂತು. ಸಂಜೆ ಅತ್ತೆಯೂ ನಾನೂ ಹಳೆಯ ಬೆಡ್‌ಶೀಟ್ ಹೊದಿಸಿ ಅಂಚಿಗೆ ಕಲ್ಲಿಟ್ಟೆವು. ಬೆಳಿಗ್ಗೆ ತೆಗೆದಾಗ ಕಾಂಡಗಳು ಮಣ್ಣಿಗೆ ಒರಗಿದ್ದವು. ಮುಗಿಯಿತೆಂದುಕೊಂಡೆ. ಬಿಸಿಲೇರಿದಂತೆ ಒಂದೊಂದಾಗಿ ಎದ್ದು ನಿಂತವು.

ಹೊರಡುವ ಹಿಂದಿನ ದಿನ ಹಳದಿ ಹೂ ಏಳು ಅರಳಿದ್ದವು. ಅತ್ತೆ ಕುರ್ಚಿ ಎಳೆದುಕೊಂಡು ಅವುಗಳೆದುರು ಕೂತರು. ಮಗಳು ಮಾತ್ರ ಹೆದರಿ ಬಾಗಿಲಿನಿಂದ ಈಚೆಗೆ ಬರಲಿಲ್ಲ.

ಅವರು ಹೋಗಿ ಒಂದು ವಾರದ ಮೇಲೆ ಉಳಿದ ಮೂರು ಕುಂಡ ಬಗ್ಗಿಸಿದೆ. ತಳದ ತೂತು ಮಣ್ಣಿನಿಂದ ಕಟ್ಟಿಕೊಂಡಿತ್ತು, ಗಡ್ಡೆಗಳು ಕೊಳೆತು ಮುದ್ದೆಯಾಗಿದ್ದವು. ಫೋನಿನಲ್ಲಿ ಅತ್ತೆಗೆ ಹೇಳಿದೆ; ಮಗಳಿಗೆ ಕೆಮ್ಮು ಬಂದಿದ್ದು ಅವರಿಗೆ ಆಗಲೇ ಗೊತ್ತಿತ್ತು.

"ತೂತು ದೊಡ್ಡದ ಮಾಡು," ಅಂದರು. "ಕೆಳಗ ಒಡದ ಗಡಗಿಯ ನಾಕ ಬೋಕಿ ಬಿಲ್ಲಿ ಹಾಕು, ನೀರ ಇಳೀಲಿ. ಕೂಸಿನ ಕೆಮ್ಮು ಕಡಿಮಿ ಆತೇನು?"