ಬೆಟ್ಟದ ಗಿಡಕ್ಕೆ ಮಾವ ಮಾಡಿದ ವೈದ್ಯ

ಹಿಮಾಲಯ ಸುತ್ತಿ ಬಂದ ಮೊಮ್ಮಗಳು ಒಂದು ಬಾಟಲಿ ಕೆಂಪು ಶರಬತ್ತು ತಂದಿದ್ದಾಳೆ. "ಇದು ಯಾವ ಹೂವಿಂದು ಗೊತ್ತಾ ಅಜ್ಜಿ? ಹೆಸರು ಹೇಳಕ್ಕೇ ನಿಮಗೆ ನಾಲಿಗೆ ಹೊರಳಲ್ಲ" ಎಂದಳು. ಬಾಟಲಿಯ ಮೇಲಿನ ಚಿತ್ರ ನೋಡಿ "ರೋಡೋಡೆಂಡ್ರಾನ್" ಎಂದೆ, ಒಂದೇ ಉಸಿರಿಗೆ. ಹುಡುಗಿ ಬಾಯಿಬಿಟ್ಟುಕೊಂಡು ನಿಂತಳು. ತುಳಸಿ ಗಿಡವನ್ನೂ ಒಣಗಿಸಿದ ಖ್ಯಾತಿ ನನ್ನದು. ಅವಳ ಆಶ್ಚರ್ಯ ನ್ಯಾಯವಾದದ್ದೇ. ನಿಮಗೂ ಹಾಗೇ ಅನಿಸಿದ್ದರೆ ಸ್ವಲ್ಪ ಕೂತುಕೊಳ್ಳಿ.

ಅರವತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಜಯನಗರಕ್ಕೆ ಬಂದೆ. ಬಸವನಗುಡಿಯಲ್ಲಿ ಬೆಳೆದವಳಿಗೆ ಅದು ಊರಾಚೆ. ಅಲ್ಲೊಂದು ಇಲ್ಲೊಂದು ಹೊಸ ಮನೆ, ನಡುವೆ ಸೈಟಿನ ಕಲ್ಲುಗಳು, ಅವುಗಳಾಚೆ ರಾಗಿ ಹೊಲ. ನಮ್ಮ ಮಾವ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಡಾಕ್ಟರು. ರೋಗಿಗಳ ಜೊತೆ ಎಷ್ಟು ಮಾತಾಡಿದ್ದರೋ, ಮನೆಗೆ ಮಾತ್ರ ಮಾತು ಉಳಿಸಿಕೊಂಡಿರಲಿಲ್ಲ. ಅತ್ತೆ "ಊಟಕ್ಕೆ ಬನ್ನಿ" ಎಂದರೆ ಇವರು "ಹೂಂ" ಎನ್ನುವರು. ಅಲ್ಲಿಗೆ ಆ ಹೊತ್ತಿನ ಸಂಸಾರ ಮುಗಿಯಿತು. ಇಬ್ಬರಿಗೂ ಜಗಳವಿರಬೇಕೆಂದು ನಾನು ಮೊದಲ ತಿಂಗಳೆಲ್ಲ ಕಾದೆ. ಜಗಳವೂ ಇರಲಿಲ್ಲ.

ಅತ್ತೆ ಹುಟ್ಟಿದ್ದು ಕೂನೂರಿನ ಹತ್ತಿರ, ಟೀ ತೋಟವೊಂದರಲ್ಲಿ. ಅವರಪ್ಪ ಅಲ್ಲಿ ಗುಮಾಸ್ತರು. ಎಳೆಯ ವಯಸ್ಸಿಗೆ ಮದುವೆಯಾಗಿ ಬಂದವರು ಮತ್ತೆ ಆ ಬೆಟ್ಟ ಹತ್ತಿರಲಿಲ್ಲ. ಒಮ್ಮೆ ಅವರ ತಮ್ಮ ಒದ್ದೆ ಗೋಣಿಯಲ್ಲಿ ಬೇರು ಸುತ್ತಿ ಅಲ್ಲಿಯ ಗಿಡವೊಂದನ್ನು ತಂದರು, ಸೊಂಟದೆತ್ತರದ್ದು. ಅದೇ ಈ ರೋಡೋಡೆಂಡ್ರಾನ್. ಅತ್ತೆ ಅದನ್ನು ಹಿತ್ತಲಿನ ಬಾವಿಯ ಪಕ್ಕ ನೆಡಿಸಿದರು. ದಿನವೂ ಕೊಡದ ತುಂಬ ನೀರು. ಪಕ್ಕದ ಮನೆಯವರ ಮಾತು ಕೇಳಿ ಒಲೆಯ ಬೂದಿಯನ್ನೂ ಹಾಕಿದೆವು.

ಬೇಸಿಗೆ ಬರುವಷ್ಟರಲ್ಲಿ ಎಲೆ ಹಳದಿಯಾದವು. ಮಣ್ಣು ಒದ್ದೆಯಿದ್ದರೂ ಗಿಡ ಬಾಡಿ ನಿಲ್ಲುತ್ತಿತ್ತು. ನಮ್ಮೆಜಮಾನರು "ಕಿತ್ತುಹಾಕೋಣ ಬಿಡಮ್ಮ, ಚಳಿ ದೇಶದ್ದು ಇಲ್ಲಿ ಬದುಕಲ್ಲ" ಎಂದರು.  ಅತ್ತೆ ಅವತ್ತು ಊಟ ಬಿಟ್ಟರು.

ಮಾರನೆಯ ಬೆಳಿಗ್ಗೆ ಮಾವ ಹಿತ್ತಲಿಗೆ ಬಂದು ಗಿಡದ ಮುಂದೆ ಮುಕ್ಕಾಲಿ ಹಾಕಿಕೊಂಡು ಕೂತರು. ಒಂದು ಎಲೆ ಹಿಡಿದು ಬೆಳಕಿಗೆ ತಿರುಗಿಸಿದರು. "ನೋಡಮ್ಮ, ಎಲೆ ಹಳದಿ, ನರ ಮಾತ್ರ ಹಸಿರು. ಇದಕ್ಕೆ ರಕ್ತ ಕಮ್ಮಿ" ಎಂದರು ನನಗೆ. ಆಮೇಲೆ ಕೊಂಬೆಯೊಂದನ್ನು ತಮ್ಮ ಬಿಳಿ ಪಂಚೆಯ ಮೇಲೆ ಬಗ್ಗಿಸಿ ತಟ್ಟಿದರು. ಧೂಳು ಬಿತ್ತು ಅಂದುಕೊಂಡೆ. ಆ ಧೂಳು ನಡೆಯತೊಡಗಿತು! ಸಾಸಿವೆಗಿಂತ ಎಷ್ಟೋ ಸಣ್ಣ ಕೆಂಪು ನುಸಿಗಳು.  ಬುಡದ ಮಣ್ಣು ಕೆದಕಿದಾಗ ಬೇರುಗಳು ಕಪ್ಪಾಗಿ ಕೊಳೆತಿದ್ದವು.

ಮಾವ ತಲೆಯೆತ್ತಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ಕರೆದರು.

"ಬಾ ಇಲ್ಲಿ. ನಿಮ್ಮೂರಲ್ಲಿ ಇದು ಎಂಥ ಜಾಗದಲ್ಲಿ ಬೆಳೀತಿತ್ತು?"

"ಇಳಿಜಾರಲ್ಲಿ. ನೀರು ನಿಲ್ತಾನೇ ಇರ್ಲಿಲ್ಲ."

"ಬಿಸಿಲು?"

"ಮಂಜು ಕರಗಿದ ಮೇಲೆ ಒಂದಿಷ್ಟು." ಅತ್ತೆ ಎರಡು ಹೆಜ್ಜೆ ಮುಂದೆ ಬಂದರು. "ಕೆಳಗೆಲ್ಲ ಉದುರಿದ ಎಲೆ, ಕಾಲಿಟ್ರೆ ಹಾಸಿಗೆ ಥರ. ನಾವು ಅದರ ಮೇಲೆ ಜಾರ್ತಿದ್ವಿ. ಒಂದ್ಸಲ ನಾನು ಜಾರಿ ಹಳ್ಳದ ತನಕ ಹೋಗಿ..."

ಅತ್ತೆ ನಿಲ್ಲಿಸಲೇ ಇಲ್ಲ. ಹಳ್ಳ, ಮಂಜು, ಮರವೆಲ್ಲ ಕೆಂಪಾಗುವ ದಿನಗಳು, ಹೂವಿನ ತೊಟ್ಟು ಚೀಪಿ ಬೈಸಿಕೊಂಡದ್ದು. ಮಾವ ನಡುನಡುವೆ "ಆಮೇಲೆ?" ಎನ್ನುತ್ತಿದ್ದರು. ಗಿಡದ ವಿಚಾರ ಆಗಲೇ ಮುಗಿದಿತ್ತು, ಆದರೂ ಕೇಳುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂದರೂ ನಾನು ಕದಲಲಿಲ್ಲ. ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ನಿಲ್ಲುತ್ತೇವಲ್ಲ, ಹಾಗೆ ನಿಂತಿದ್ದೆ.

ಚಿಕಿತ್ಸೆಯನ್ನು ಇಬ್ಬರೂ ಸೇರಿಯೇ ಮಾಡಿದರು. ಗಿಡ ಕಿತ್ತು ಕೊಳೆತ ಬೇರು ಕತ್ತರಿಸಿ, ತಳದಲ್ಲಿ ಹೆಂಚಿನ ಚೂರು ಹಾಸಿದ ಅಗಲವಾದ ಕುಂಡಕ್ಕೆ ಕೂರಿಸಿದರು. ಮಣ್ಣಿಗೆ ಕೊಳೆತ ತರಗೆಲೆ ಬೆರೆಸಿ, ಮೇಲೆ ಸರ್ವೆ ಮರದ ಸೂಜಿಯೆಲೆ ಹೊದಿಸಿದರು. ಬಾವಿಯ ಗಡಸು ನೀರು ಮತ್ತು ಬೂದಿಯೇ ಎಲೆ ಹಳದಿಯಾಗಲು ಕಾರಣವೆಂದು ಮಾವ ಎರಡನ್ನೂ ನಿಲ್ಲಿಸಿ, ಮಳೆನೀರು ಹಿಡಿದಿಡಲು ಡ್ರಮ್ಮು ತರಿಸಿದರು. ಮಧ್ಯಾಹ್ನದ ಬಿಸಿಲಿಗೆ ಮೂಡಣ ಗೋಡೆಯ ಮರೆ. ನುಸಿಗೆ ಎಲೆಯ ಅಡಿಯನ್ನೆಲ್ಲ ತೆಳು ಸಾಬೂನು ನೀರಿನಿಂದ ತೊಳೆಯುವುದು. ಮಾವ ಎಲೆ ಹಿಡಿಯುವರು, ಅತ್ತೆ ಒರೆಸುವರು.

ಮಳೆಗಾಲದಲ್ಲಿ ಹೊಸ ಚಿಗುರು ಬಂತು, ಅಡಿಯಲ್ಲಿ ಬೆಳ್ಳಿಯ ಹಾಗೆ ನುಣುಪಾದ ರೋಮ. ಹೂವಿಗೆ ಮತ್ತೆರಡು ಚಳಿಗಾಲ ಕಾಯಬೇಕಾಯಿತು. ಬಂದದ್ದು ಒಂದೇ ಗೊಂಚಲು. ಆ ಕೆಂಪನ್ನು ನಾನು ಹೇಗೆ ಹೇಳಲಿ? ಬೆಳಗಿನ ಬಿಸಿಲು ಬಿದ್ದಾಗ ಗೋಡೆಯ ಸುಣ್ಣವೂ ನಸುಗೆಂಪಾಗಿತ್ತು. ಅತ್ತೆ ಮುಟ್ಟಲಿಲ್ಲ, ದೇವರಿಗೂ ಕೀಳಲಿಲ್ಲ. ಸುಮ್ಮನೆ ನೋಡುತ್ತ ನಿಂತರು. ಮಾವ ಕೆಮ್ಮಿ, "ಅಲ್ಲಿಗೇ ಒಂದ್ಸಲ ಹೋಗಿ ಬರೋಣ್ವೇನೇ?" ಎಂದರು.

ಆ ವಾರವೇ ಬಸ್ಸು ಹತ್ತಿದರು. ಹಿಂತಿರುಗಿದ ದಿನ ಕಾಫಿ ಕೊಡಲು ಹೋದೆ. ಮಾವ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು. ಆಮೇಲೆ, ಅತ್ತೆಗೆ ಕೇಳಿಸದ ಹಾಗೆ, "ಆ ಇಳಿಜಾರು ಕಂಡ ಕೂಡ್ಲೇ ಓಡಿಬಿಟ್ಲು ಕಣಮ್ಮ. ಇಷ್ಟು ವರ್ಷ ಜೊತೆಗಿದ್ದೀನಿ, ಇವಳು ಓಡ್ತಾಳೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ" ಎಂದರು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ ಮುಗಿಸಿದ ಮೇಲೂ ಮನಸ್ಸು ಅಲ್ಲೇ ಇತ್ತು. ಇವತ್ತು ಬೆಳಿಗ್ಗೆ ನಮ್ಮೆಜಮಾನರು ಎಂದಿನಂತೆ ಪೇಪರಿನ ಹಿಂದೆ ಕೂತಿದ್ದರು.

"ಮದುವೆಗೆ ಮುಂಚೆ ನಿಮಗೆ ಏನಾಗ್ಬೇಕು ಅಂತ ಆಸೆ ಇತ್ತು?" ಎಂದು ಕೇಳಿದೆ.

ಅವರು ಪೇಪರು ಇಳಿಸಿ ನನ್ನ ಮುಖ ನೋಡಿದರು. "ಯಾಕೆ, ಏನಾಯ್ತು?"

"ಏನೂ ಆಗಿಲ್ಲ. ಹೇಳಿ" ಎಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.