ಪಾಳಿಯ ಚಡ್ಡಿ

ನರೋಣಾದಲ್ಲಿ ಟೇಲರ್ ಗುಡುಸಾಬನ ಕೈಗೆ ಸೊಂಟ ಕೊಡದ ಗಂಡಸಿಲ್ಲ. ಯಾರ ಹೊಟ್ಟೆ ಯಾವ ವರ್ಷ ಎಷ್ಟು ಇಂಚು ಮುಂದೆ ಬಂತು ಎಂಬುದು ಅವನಿಗೆ ಬಾಯಿಪಾಠ. ಅಂಥವನಿಗೆ ಒಂದು ಶಬ್ದದ ಅಳತೆ ಸಿಗದೆ ಎರಡು ದಿನ ಮಷೀನು ನಿಂತಿತು.

ಶಬ್ದ ಬಂದದ್ದು ಕಾರ್ಡಿನಲ್ಲಿ. ಊರ ಶಾಲೆಯ ಹೆಡ್‌ಮಾಸ್ತರ ದತ್ತಪ್ಪನ ನಿವೃತ್ತಿ ಸಮಾರಂಭ. ಮಾತನಾಡುವವರ ಸಾಲಿನಲ್ಲಿ, 'ಶ್ರೀ ಗುಡುಸಾಬ, ಹಿತೈಷಿಗಳು.'

“ಹಿತೈಷಿ ಅಂದ್ರೇನಬೇ? ಹೊಟ್ಟಿನೋವಿನ ಔಷಧ ಇದ್ದಂಗ ಅದ,” ಎಂದ ಹೆಂಡತಿ ಹಜರಾಬಿಗೆ.

“ಮತ್ತೇನ್ ಹಾಕಬೇಕಿತ್ತು? ದೋಸ್ತ ಅಂದ್ರ ಸಾಹೇಬ್ರ ಪ್ಯಾಂಟಿನ ಇಸ್ತ್ರಿ ಮುರೀತದ.”

“ಬರೇ ದೋಸ್ತ ಅಲ್ಲ, ಚಡ್ಡಿ ದೋಸ್ತ!”

ಚಡ್ಡಿ ಹಾಕುವ ವಯಸ್ಸಿನಿಂದ ಕೂಡಿ ಬೆಳೆದವರು ಚಡ್ಡಿ ದೋಸ್ತರು ಎನ್ನುತ್ತದೆ ಊರು. ಗುಡುಸಾಬನ ಪ್ರಕಾರ ಅದು ಅರ್ಧ ಅರ್ಥ. ಚಡ್ಡಿಯೂ ಒಂದೇ ಇರಬೇಕು. ಖಾಕಿ ಚಡ್ಡಿ ಇಲ್ಲದವರಿಗೆ ಶಾಲೆಯ ಬಾಗಿಲಿಲ್ಲ ಎಂದು ಆಗಿನ ಮಾಸ್ತರರು ಹುಕುಂ ಮಾಡಿದಾಗ, ಟೇಲರನೇ ಆಗಿದ್ದ ಗುಡುಸಾಬನ ಅಪ್ಪ ಹೊಲಿದು ಉಳಿದ ತುಂಡುಗಳನ್ನು ಜೋಡಿಸಿ ಮಗನಿಗೂ ದತ್ತಪ್ಪನಿಗೂ ಸೇರಿ ಒಂದು ಹೊಲಿದುಕೊಟ್ಟಿದ್ದ. ಒಂದು ದಿನ ಇವನ ಪಾಳಿ, ಒಂದು ದಿನ ಅವನದು. ಪಾಳಿ ಇಲ್ಲದವನು ಟವೆಲ್ ಸುತ್ತಿಕೊಂಡು ಹುಣಸೆಮರ ಏರಿ ಕೂಡುವುದು. ಆಳಂದದ ಹಾಸ್ಟೆಲಿಗೆ ಹುಡುಗರನ್ನು ಆರಿಸುವ ಪರೀಕ್ಷೆಯ ದಿನ ಪಾಳಿ ಗುಡುಸಾಬನದಾಗಿತ್ತು. ಅವನು ಮೈ ತೊಳೆಯಲು ಹಳ್ಳಕ್ಕಿಳಿದಾಗ, ದಂಡೆಯ ಮೇಲಿದ್ದ ಚಡ್ಡಿ ದತ್ತಪ್ಪನ ಜೊತೆ ಪರೀಕ್ಷೆಗೆ ಹೋಯಿತು! ದತ್ತಪ್ಪ ಮಾಸ್ತರನಾದ. ಗುಡುಸಾಬ ಮಷೀನಿಗೆ ಕುಳಿತ. ದೋಸ್ತಿ ಉಳಿಯಿತು, ಆ ಮಾತನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ.

ಸಮಾರಂಭದಲ್ಲಿ ಟೀಚರ್ ಮಧುಮತಿ, “ಈಗ ಸರ್ ಅವರ ಹಿತೈಷಿಗಳು…” ಎಂದು ಮೈಕು ಚಾಚಿದಳು. ಹಾರದೊಳಗೆ ಹೂತುಹೋಗಿದ್ದ ದತ್ತಪ್ಪ ಆ ಮಾತು ಬೇಡವೆಂದು ಗುಡುಸಾಬನಿಗೆ ಕಣ್ಸನ್ನೆ ಮಾಡಿದ.

“ನಾ ಹಿತೈಷಿ ಅಲ್ರಿ ಬಾಯಿ,” ಎಂದ ಗುಡುಸಾಬ. “ಮತ್ಯಾರು ಅನ್ನೂದು ಸಾಹೇಬ್ರ ಹೇಳ್ಲಿ. ಹೇಳಿದ್ರ ಮಾತಾಡ್ತೇನಿ, ಇಲ್ಲಂದ್ರ ಮನಿಗಿ ಹೋಗ್ತೇನಿ.”

ಮೈಕು ಕುಂಯ್ ಎಂದಿತು. ದತ್ತಪ್ಪ ಎದ್ದು ಹಾರ ತೆಗೆದಿಟ್ಟ.

“ಇಂವ ನನ್ನ ಚಡ್ಡಿ ದೋಸ್ತ,” ಎಂದ. ಹುಡುಗರು ಹೋ ಎಂದರು. “ಹಾಸ್ಟೆಲ್ ಪರೀಕ್ಷಾ ದಿನ ಪಾಳಿ ಇವಂದಿತ್ತು. ಚಡ್ಡಿ ಕದ್ದು ಓಡಿದಾಂವ ನಾ. ಹಿತೈಷಿ ಅಂತ ಬರಿಸಿದಾಂವನೂ ನಾನ. ದೋಸ್ತ ಅಂದ್ರ ಚಡ್ಡಿ ಬರ್ತದ, ಚಡ್ಡಿ ಬಂದ್ರ ಕಳವು ಬರ್ತದ ಅಂತ ಹೆದರ್ಕಿ.”

ನಗೆ ನಿಂತಿತು. ಗುಡುಸಾಬ ಕೊರಳ ಟೇಪು ತೆಗೆದು, ವೇದಿಕೆಯ ಮೇಲೆಯೇ ದತ್ತಪ್ಪನ ಸೊಂಟಕ್ಕೆ ಸುತ್ತಿದ.

“ನಲವತ್ತಾರು!” ಎಂದು ಮೈಕಿನಲ್ಲಿ ಸಾರಿದ. “ಆವಾಗ ಒಂದ ಚಡ್ಡಿ ಇಬ್ಬರಿಗಿ ಸಾಕಾಗಿತ್ತು. ಈಗ ಇವನೊಬ್ಬಂಗ ಎರಡು ತಾನ ಅರಿವಿ ಬೇಕ್ರಿ. ಲೇ ದತ್ಯಾ, ನಾಳಿಂದ ಪಾಳಿ ನಂದು. ಹುಣಸಿಮರ ಏರು!”