ಮೂರು ಕಾಲಿನ ಮಡಕೆಗಳು

ಕಸ್ತೂರಿರಂಗ ಮಂಡ್ಯದ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕರು. ಅಧ್ಯಯನವೆಲ್ಲ ಚೀನಾದ ನವಶಿಲಾಯುಗದ್ದು. ಅರವತ್ತೆರಡರ ಯುದ್ಧ ಮುಗಿದು ಹನ್ನೆರಡು ವರ್ಷವಾಗಿದ್ದರೂ ಅಲ್ಲಿಗೆ ಹೋಗಲು ಯಾರೂ ಬಿಡಲಿಲ್ಲ. "ಏನ್ ಚೀನಾ ಮೇಷ್ಟ್ರೇ, ಅಗೆಯೋದು ನಿಮ್ಮೂರು ಗುತ್ತಲಲ್ಲೋ?" ಎಂದು ಸಹೋದ್ಯೋಗಿಗಳು ಕೆಣಕುತ್ತಿದ್ದರು.

ಚೀನಾದ ಪ್ರಾಚೀನರು ಮೂರು ಟೊಳ್ಳು ಕಾಲುಗಳ ಮಡಕೆಯಲ್ಲಿ ಅಡಿಗೆ ಮಾಡುತ್ತಿದ್ದರು. ಕಾಲೊಳಗಿನ ನೀರಿಗೆ ಉರಿ ನೇರವಾಗಿ ತಗುಲಿ ಸೌದೆ ಉಳಿಯುತ್ತಿತ್ತು ಎಂಬುದು ಕಸ್ತೂರಿರಂಗರ ವಾದ. ಪುಸ್ತಕದ ಚಿತ್ರ ತೋರಿಸಿ ಹಲಗೂರಿನ ಕುಂಬಾರ ಜವರಯ್ಯನಿಂದ ಅಂಥವೇ ಮಡಕೆ ಮಾಡಿಸಿದರು.

"ಕೆಚ್ಚಲು ಇದ್ದಂಗದೆ ಕಣ್ ಸೋಮಿ. ಆಲು ಕರೀತೀರಾ?" ಎಂದು ಜವರಯ್ಯ ನಕ್ಕಿದ್ದ.

ಗುತ್ತಲಿನ ಮನೆಯ ಹಿತ್ತಿಲಲ್ಲಿ ಎರಡು ವರ್ಷ ಅವುಗಳಲ್ಲಿ ನವಣೆ ಬೇಯಿಸಿದರು. ಉರಿ ಊದಲು ಕೂರುತ್ತಿದ್ದವರು ಸೋದರತ್ತೆ ಗೋದಮ್ಮ ಒಬ್ಬರೇ. ಉರಿ ಎಲ್ಲಿ ತಗುಲಿತೆಂದು ತೋರಿಸುವ, ಕಾಲುಗಳ ಮೇಲೆ ಕೂತ ಮಸಿಯೇ ಅವರ ಡಾಕ್ಟರೇಟ್ ಪ್ರಬಂಧದ ಸಾಕ್ಷಿ. ಅದನ್ನು ನೋಡಲು ಸೋಮವಾರ ಪರೀಕ್ಷಕರು ಬರುವವರಿದ್ದರು.

ಶುಕ್ರವಾರ ಕಸ್ತೂರಿರಂಗ ಹಲಗೂರಿನಲ್ಲಿದ್ದಾಗ ಗೋದಮ್ಮ ತೀರಿಕೊಂಡರು. ಸುದ್ದಿ ತಿಳಿದು ಓಡಿ ಬಂದರೆ ಹಿತ್ತಿಲು ಬರಿದು. ಸೂತಕದ ಮನೆಯಲ್ಲಿ ಮಣ್ಣಿನ ಪಾತ್ರೆ ಇರಕೂಡದೆಂದು ಅಪ್ಪ ಯೋಗಾನರಸಿಂಹ ಎಲ್ಲವನ್ನೂ ತಿಪ್ಪೆಯ ಮೇಲೆ ಒಡೆಸಿದ್ದರು.

"ಪುಸ್ತಕ ಒಂದೂ ಮುಟ್ಟಿಲ್ಲ ಕಣೋ. ಜೋಪಾನವಾಗಿ ಎತ್ತಿಡಿಸಿದ್ದೀನಿ," ಎಂದರು ಅಪ್ಪ.

"ಪುಸ್ತಕ ಯಾರಿಗೆ ಬೇಕಿತ್ತು? ಅದು ಅಂಗಡಿಯಲ್ಲಿ ಸಿಗತ್ತೆ!"

ಕಸ್ತೂರಿರಂಗ ತಿಪ್ಪೆಗೆ ಇಳಿದರು. ಬಂಧುಗಳೆಲ್ಲ ನೋಡುತ್ತಿದ್ದರು.

"ಮೈಲಿಗೆ ಹೆಚ್ಚಿಸಬೇಡ, ಮೇಲೆ ಬಾರೋ," ಎಂದರು ಅಪ್ಪ.

"ಬೇರೆಯವರ ತಿಪ್ಪೆ ಕೆದಕೋದೇ ನನ್ನ ಕೆಲಸ ಅಪ್ಪ. ಇವತ್ತು ನಮ್ಮನೇದು. ಅತ್ತೆ ಊದಿದ ಮಸಿ ನಿಮಗೆ ಮೈಲಿಗೆಯಾ?"

ಚೂರುಗಳ ಮಸಿ ಸಗಣಿ ನೀರಿನಲ್ಲಿ ಕದಡಿಹೋಗಿತ್ತು. ಸೋಮವಾರ ಪರೀಕ್ಷಕರು ಅವನ್ನು ತಿರುವಿ ನೋಡಿ, ಇದು ಸಾಕ್ಷಿಯಾಗುವುದಿಲ್ಲವೆಂದು ಹೊರಟರು.

ಅತ್ತೆ ತೀರಿದ ಹದಿನಾಲ್ಕನೆಯ ದಿನ ಕಸ್ತೂರಿರಂಗ ಹಾಸಿಗೆ ಸುತ್ತಿಕೊಂಡು ಹಲಗೂರಿನ ಬಸ್ಸು ಹತ್ತಿದರು.

"ಮತ್ತೆ ಮಾಡಾನ ಬುಡಿ. ಈ ಸಲ ನಮ್ಮಟ್ಟೀಲೇ ಬೇಯ್ಸಿ. ಇಲ್ಲಿ ಯಾವನ್ ಒಡ್ದಾನು ನೋಡಾನ," ಎಂದ ಜವರಯ್ಯ.

ಅಲ್ಲಿಂದಲೇ ಮಂಡ್ಯಕ್ಕೆ ಓಡಾಡುತ್ತ ಮತ್ತೆ ಮೊದಲಿನಿಂದ ಶುರು ಮಾಡಿದರು. ಬೇಸಿಗೆಯಲ್ಲಿ ಅಪ್ಪ ಅಲ್ಲಿಗೆ ಬಂದರು. ಉರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಾನೂ ಊದಲೇನೋ?" ಎಂದರು.

"ದೂರ ಕೂತ್ಕೊಳ್ಳಿ," ಎಂದರು ಕಸ್ತೂರಿರಂಗ, ತಲೆ ಎತ್ತದೆ.